ಗ್ರೀನ್‌ವುಡ್ ಕ್ರೀಕ್‌ನಲ್ಲಿ ಕಯಾಕ್ ಇಳಿಸಬೇಕು ಅಂತಿದ್ದೇವೆ, ಹೋಗಿ ಬಂದವರು ಸ್ವಲ್ಪ ಹೇಳಿ

ಹೊಳೆಹುಚ್ಚ
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ, ಫ್ರೀಮಾಂಟ್ ಕಡೆಯವರು. ಬರುವ ಶನಿವಾರ ಕ್ಯಾಲಿಫೋರ್ನಿಯಾದ ಸೌತ್ ಫೋರ್ಕ್ ಅಮೆರಿಕನ್ ನದಿಗೆ ಹೊರಟಿದ್ದೇವೆ. ಹೈವೇ 49ರ ಪಕ್ಕದ ಗ್ರೀನ್‌ವುಡ್ ಕ್ರೀಕ್ ಹತ್ತಿರ ದೋಣಿ ಇಳಿಸಿ, ಸಾಲ್ಮನ್ ಫಾಲ್ಸ್ ಸೇತುವೆ ಹತ್ತಿರ ದಂಡೆ ಹತ್ತುವುದು ಅಂತ ಯೋಜನೆ. ನಮ್ಮ ಬಳಿ ಎರಡು ಗಟ್ಟಿ ಪ್ಲಾಸ್ಟಿಕ್ ಕಯಾಕ್, ಎರಡು ಗಾಳಿ ತುಂಬುವ ಕಯಾಕ್ ಇವೆ. ಗಟ್ಟಿ ಕಯಾಕ್‌ನ ನಾವಿಬ್ಬರು ಕಳೆದ ವರ್ಷ ಲೋಟಸ್‌ನಿಂದ ಗ್ರೀನ್‌ವುಡ್‌ವರೆಗೆ ಎರಡು ಸಲ ಹೋಗಿದ್ದೇವೆ. ಇನ್ನಿಬ್ಬರಿಗೆ ಇದು ಹೊಸದು. ಅಲ್ಲಿ ನೋಡಿದಾಗ ದಂಡೆ ಚೆನ್ನಾಗಿತ್ತು, ನೀರೂ ಶಾಂತವಾಗಿತ್ತು. ಹೊಸಬರಿಗೆ ಶುರು ಮಾಡಲು ಸರಿ ಅನ್ನಿಸಿತು. ಬೆಳಿಗ್ಗೆ 9ಕ್ಕೆಲ್ಲ ನೀರಲ್ಲಿ ಇರಬೇಕು, ಬಿಸಿಲು ಏರುವ ಮೊದಲೇ ಮುಗಿಸಬೇಕು ಅಂತ ಆಸೆ. ಏನೇನು ನೋಡಿಕೊಳ್ಳಬೇಕು?

ಸುಮ್ನಿರಿ
ಹೋಗಿ ಬನ್ನಿ, ಮಜಾ ಇರುತ್ತದೆ. ನಾವು ಹೋದ ವರ್ಷ ಆಫೀಸಿನವರೆಲ್ಲ ಸೇರಿ ಹೋಗಿದ್ದೆವು. ಏನೂ ಆಗಲಿಲ್ಲ. ಸನ್‌ಸ್ಕ್ರೀನ್ ಮರೆಯಬೇಡಿ ಅಷ್ಟೇ.

ಅಂಬಿಗ ಮಾಮ
ಹೊಳೆಹುಚ್ಚ ಅವರೇ, 9 ಗಂಟೆ ಅಂದಿರಲ್ಲ, ಅಲ್ಲೇ ಮೊದಲ ತೊಡಕು. 9ಕ್ಕೆ ಗ್ರೀನ್‌ವುಡ್‌ನಲ್ಲಿ ನಿಮಗೆ ಕಲ್ಲು ಸಿಗುತ್ತದೆ, ನೀರು ಸಿಗುವುದಿಲ್ಲ.

ಬೇಸಿಗೆಯಲ್ಲಿ ಈ ಹೊಳೆ ತಾನಾಗಿ ಹರಿಯುವುದಲ್ಲ. ಮೇಲೆ ಚಿಲಿ ಬಾರ್ ಅಣೆಕಟ್ಟು ಇದೆ. ಕರೆಂಟಿಗಾಗಿ ಬೆಳಿಗ್ಗೆ ಕೆಲವು ಗಂಟೆ ನೀರು ಬಿಡುತ್ತಾರೆ, ಆಮೇಲೆ ನಿಲ್ಲಿಸುತ್ತಾರೆ. ಆ ನೀರು ಚಿಲಿ ಬಾರ್‌ನಿಂದ ಕೊಲೋಮಾ, ಲೋಟಸ್ ದಾಟಿ ಗ್ರೀನ್‌ವುಡ್‌ಗೆ ಬರಬೇಕು. ಹೊಳೆಯ ದಾರಿಯಲ್ಲಿ ಅದು ಹತ್ತು ಮೈಲಿಗಿಂತ ಜಾಸ್ತಿ. ನೀರು ಕಾರಿನ ಹಾಗೆ ಓಡುವುದಿಲ್ಲ, ಗಂಟೆಗಟ್ಟಲೆ ಹಿಡಿಯುತ್ತದೆ. ಮೇಲಿನ ತಂಡಗಳು ಬೆಳಿಗ್ಗೆಯೇ ಇಳಿದಿರುತ್ತವೆ. ಕೆಳಗೆ ಇಳಿಸುವವರು ಮಧ್ಯಾಹ್ನದ ಹತ್ತಿರಕ್ಕೆ ಲೆಕ್ಕ ಹಾಕಬೇಕು.

ನನಗೂ ಇದು ಬುದ್ಧಿಯಿಂದ ಬಂದದ್ದಲ್ಲ. ಮೊದಲ ಸಲ ನಾನೂ ಬೇಗ ಎದ್ದ ಜಾಣ. ಗ್ರೀನ್‌ವುಡ್‌ನಲ್ಲಿ ಇಳಿಸಿ, ಮೊದಲ ಒಂದು ಮೈಲಿ ದೋಣಿಯನ್ನು ಎಮ್ಮೆ ಎಳೆದ ಹಾಗೆ ಎಳೆದುಕೊಂಡು ಹೋದೆ. ಇನ್ನೊಂದು ಸಲ ಉಲ್ಟಾ ಆಯಿತು. ನೀರಿನ ಜೊತೆಗೇ ಹೊರಟೆವು, ಆದರೆ ನಡುವೆ ದಂಡೆಯಲ್ಲಿ ಚಿತ್ರಾನ್ನ ತಿನ್ನುತ್ತಾ ಒಂದೂವರೆ ಗಂಟೆ ಕೂತೆವು. ಎದ್ದು ನೋಡಿದರೆ ದೋಣಿ ಕಟ್ಟಿದ್ದ ಕಡೆ ಒದ್ದೆ ಕಲ್ಲು. ನೀರು ನಮ್ಮನ್ನು ಬಿಟ್ಟು ಮುಂದೆ ಹೋಗಿತ್ತು.

ನೀರು ಯಾವ ದಿನ, ಎಷ್ಟು ಹೊತ್ತು ಬಿಡುತ್ತಾರೆ ಅನ್ನುವ ವೇಳಾಪಟ್ಟಿ ಮೊದಲೇ ಸಿಗುತ್ತದೆ. ಡ್ರೀಮ್‌ಫ್ಲೋಸ್ ತಾಣದಲ್ಲಿ ನೋಡಿ. 2014ರಲ್ಲಿ ಈ ಅಣೆಕಟ್ಟಿನ ಪರವಾನಗಿ ಹೊಸದಾಗಿ ಆದಾಗ ದೋಣಿಯವರಿಗೂ ನೀರು ಬಿಡಬೇಕು ಅನ್ನುವುದು ಅದರಲ್ಲೇ ಸೇರಿತು. ಮಳೆ, ಹಿಮ ಕಡಿಮೆಯಾದ ವರ್ಷ ದಿನಗಳೂ ಕಡಿಮೆ.

ಕಾಳಿದಂಡೆ
ಮಾಮ ಹೇಳಿದ್ದು ಓದಿ ನಮ್ಮೂರೇ ನೆನಪಾಯಿತು. ದಾಂಡೇಲಿ ಕಡೆ ಕಾಳಿಯಲ್ಲೂ ಇದೇ ಕಥೆ. ಗಣೇಶಗುಡಿ ಹತ್ತಿರ ಸೂಪಾ ಅಣೆಕಟ್ಟು ಇದೆ, ಪವರ್‌ಹೌಸ್ ನೀರು ಬಿಟ್ಟರೆ ರ‍್ಯಾಫ್ಟಿಂಗ್, ಇಲ್ಲದಿದ್ದರೆ ಇಲ್ಲ. ಬೆಂಗಳೂರಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದವರು ಬೆಳಿಗ್ಗೆ ದಂಡೆಯಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಮಗೆ ಹೊಳೆ ಅಂದರೆ ಯಾವಾಗಲೂ ಹರಿಯುತ್ತಿರುತ್ತದೆ ಅನ್ನುವ ಭಾವನೆ. ಅಣೆಕಟ್ಟಿನ ಕೆಳಗಿನ ಹೊಳೆ ನಲ್ಲಿ ಇದ್ದ ಹಾಗೆ. ತಿರುಗಿಸುವ ಕೈ ಬೇರೆಯವರದು.

ಕಕ್ಕಬ್ಬೆ ಮಳೆ
ಕೊಡಗಿನ ಬರಪೊಳೆಯಲ್ಲಿ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಮಳೆಗಾಲದಲ್ಲಿ ಮಾತ್ರ ರ‍್ಯಾಫ್ಟಿಂಗ್. ಜೀಪಿನಲ್ಲಿ ಕಾಫಿ ತೋಟದೊಳಗೆ ಹೋಗಿ ಇಳಿಯಬೇಕು. ವೇಳಾಪಟ್ಟಿ ಎಲ್ಲ ಇಲ್ಲ, ಹಿಂದಿನ ರಾತ್ರಿ ಮಳೆ ಹೇಗೆ ಹೊಡೆಯಿತು ಅನ್ನುವುದೇ ಲೆಕ್ಕ. ಕಾಲಿಗೆ ಹತ್ತಿದ ಜಿಗಣೆಗಳ ಲೆಕ್ಕ ಬೇರೆ.

ಹೊಳೆಹುಚ್ಚ
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಕಳೆದ ವರ್ಷ ಬೇರೆಯವರ ಜೊತೆ ಹೋಗಿದ್ದೆವು, ಅವರೇ ಸಮಯ ನೋಡಿದ್ದರು. ಹಾಗಾದರೆ 11ರ ಮೇಲೆ ಹೊರಡೋಣವೇ? ಶನಿವಾರ 1,300 ಕ್ಯೂಸೆಕ್ ಅಂತ ತೋರಿಸುತ್ತಿದೆ. ಇದು ಜಾಸ್ತಿಯೋ ಕಡಿಮೆಯೋ?

ಅಂಬಿಗ ಮಾಮ
ಬೇಸಿಗೆಯಲ್ಲಿ ಮಾಮೂಲಿ ಅಷ್ಟೇ ಇರುತ್ತದೆ. ಕೆಆರ್‌ಎಸ್ ಹೊರಹರಿವು ಲಕ್ಷ ಕ್ಯೂಸೆಕ್ ಅಂತ ಪೇಪರಿನಲ್ಲಿ ಓದಿ ಬೆಳೆದ ನಮಗೆ 1,300 ಅಂದರೆ ಚರಂಡಿ ನೀರು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. 1,300 ಅಂದರೆ ಸೆಕೆಂಡಿಗೆ ಸುಮಾರು 37,000 ಲೀಟರ್. ಮೂರು ನಾಲ್ಕು ದೊಡ್ಡ ನೀರಿನ ಟ್ಯಾಂಕರ್ ಪ್ರತಿ ಸೆಕೆಂಡೂ ನಿಮ್ಮ ಬೆನ್ನ ಮೇಲೆ ಖಾಲಿಯಾದ ಹಾಗೆ. ಅದೂ ಇಕ್ಕಟ್ಟಾದ ಕಣಿವೆಯಲ್ಲಿ.

ಫ್ರೀಮಾಂಟ್ ಅಕ್ಕ
ಸಮಯದ ಮಾತು ಆಯಿತು. ನಾನು ಬೇರೆ ವಿಷಯ ಕೇಳುತ್ತೇನೆ. ಗ್ರೀನ್‌ವುಡ್‌ನಿಂದ ಕೆಳಗೆ ಏನಿದೆ ಅಂತ ಗೊತ್ತಾ ತಮ್ಮಾ? ನೀನು ಎರಡು ಸಲ ಹೋಗಿದ್ದು ಅದರ ಮೇಲಿನ ಭಾಗ. ಹೊಳೆಗೆ ದರ್ಜೆ ಏರಿದಷ್ಟೂ ಕಷ್ಟ ಜಾಸ್ತಿ. ಅದು ಎರಡನೇ ದರ್ಜೆ, ಕಲಿಯುವವರ ಭಾಗ. ಗ್ರೀನ್‌ವುಡ್‌ನಿಂದ ಕೆಳಗಿನದನ್ನು ಎಲ್ಲರೂ ಗಾರ್ಜ್, ಅಂದರೆ ಇಕ್ಕಟ್ಟು ಕಣಿವೆ, ಅನ್ನುತ್ತಾರೆ. ಅದು ಮೂರನೇ ದರ್ಜೆ.

ಆ ದಂಡೆ ಶಾಂತವಾಗಿದೆ ಅಂದೆಯಲ್ಲ, ಅದೇ ಮೋಸ. ಇಳಿದ ಮೇಲೂ ಮೊದಲ ಕೆಲವು ಮೈಲಿ ಹಾಗೇ ಇರುತ್ತದೆ. ಬಿಸಿಲು ಕಾಯುತ್ತಾ, ಹದ್ದು ನೋಡುತ್ತಾ ತೇಲಿಕೊಂಡು ಹೋಗಬಹುದು. ಹೊಸಬರಿಗೆ "ಇಷ್ಟೇನಾ" ಅನ್ನಿಸಿಬಿಡುತ್ತದೆ. ಆಮೇಲೆ ಫೌಲರ್ಸ್ ರಾಕ್ ಬರುತ್ತದೆ. ಹರಿವು ನೇರ ಒಂದು ದೊಡ್ಡ ಬಂಡೆಯ ಕಡೆ ತಳ್ಳುತ್ತದೆ, ರ‍್ಯಾಫ್ಟ್‌ಗಳು ಅದಕ್ಕೆ ಮಡಚಿ ಅಂಟಿಕೊಂಡಿರುವುದನ್ನು ನಾನೇ ನೋಡಿದ್ದೇನೆ. ಅಲ್ಲಿಂದ ಮುಂದೆ ಉಸಿರಾಡಲು ಬಿಡುವುದು ಕಡಿಮೆ. ಸೇಟನ್ಸ್ ಸೆಸ್‌ಪೂಲ್, ಅದರ ಹಿಂದೆಯೇ ಸನ್ ಆಫ್ ಸೇಟನ್, ಬೌನ್ಸಿಂಗ್ ರಾಕ್, ಹಾಸ್ಪಿಟಲ್ ಬಾರ್, ಆಮೇಲೆ ರಿಕವರಿ ರೂಮ್. ಹೆಸರಿಟ್ಟವರಿಗೆ ತಮಾಷೆ ಗೊತ್ತಿತ್ತು.

ನಡುವೆ ಬೇಡ ಅನ್ನಿಸಿದರೆ ಹತ್ತಿ ರಸ್ತೆಗೆ ಹೋಗುವುದು ಸುಲಭವಿಲ್ಲ. ಹೈವೇ ದೂರ ಹೋಗಿರುತ್ತದೆ. ಸುಲಭವಾಗಿ ಹತ್ತಬಹುದಾದ ಕೊನೆಯ ಜಾಗ ಗ್ರೀನ್‌ವುಡ್. ನೀನು ಅದನ್ನೇ ಶುರು ಮಾಡಿಕೊಂಡಿದ್ದೀಯ.

ಸುಮ್ನಿರಿ
ಅಕ್ಕ, ಇಷ್ಟೊಂದು ಹೆದರಿಸಬೇಡಿ. ನಾವು ಇದೇ ಗಾರ್ಜ್‌ನಲ್ಲಿ ಹೋಗಿದ್ದು. ನಮ್ಮಲ್ಲಿ ಅರ್ಧ ಜನಕ್ಕೆ ಈಜೇ ಬರುವುದಿಲ್ಲ. ಸೇಟನ್ಸ್‌ನಲ್ಲಿ ಫೋಟೋ ತೆಗೆದರು, ಎಲ್ಲರ ಬಾಯಿಯೂ ತೆರೆದಿತ್ತು, ಈಗಲೂ ಆಫೀಸಿನ ಗೋಡೆಯ ಮೇಲಿದೆ.

ಫ್ರೀಮಾಂಟ್ ಅಕ್ಕ
ನೀವು ಹೋಗಿದ್ದು ಯಾವುದರಲ್ಲಿ? ದೊಡ್ಡ ರ‍್ಯಾಫ್ಟ್, ಹಿಂದೆ ಗೈಡ್?

ಸುಮ್ನಿರಿ
ಹೌದು.

ಫ್ರೀಮಾಂಟ್ ಅಕ್ಕ
ಅಷ್ಟೇ. ನೀವು ಬಸ್ಸಿನಲ್ಲಿ ಕೂತು ಘಾಟಿ ಇಳಿದಿದ್ದೀರಿ. ಇವರು ಹೊಸದಾಗಿ ಸ್ಕೂಟರ್ ಕಲಿತು ಇಳಿಯುತ್ತೇವೆ ಅನ್ನುತ್ತಿದ್ದಾರೆ.

ಸುಮ್ನಿರಿ
ಒಪ್ಪಿದೆ ಅಕ್ಕ. ಹೆಸರಿಗೆ ತಕ್ಕ ಹಾಗೆ ಸುಮ್ನಿರುತ್ತೇನೆ.

ಮಾವಿನಸೊನೆ
ಒಂದು ಪ್ರಶ್ನೆ. ಆ ಗಾಳಿ ತುಂಬುವ ಕಯಾಕ್ ಯಾವ ಥರದ್ದು? ತಳದ ಅಂಚಿನಲ್ಲಿ ಸಾಲು ತೂತು ಇದೆಯೇ? ಹೊಳೆಗೆಂದೇ ಮಾಡಿದ ಗಾಳಿ ಕಯಾಕ್, ಅಂದರೆ ಡಕ್ಕಿಯಾದರೆ, ಒಳಗೆ ನುಗ್ಗಿದ ನೀರು ಆ ತೂತಿನಿಂದ ತಾನೇ ಹೊರಗೆ ಹೋಗುತ್ತದೆ. ಕೆರೆಯಲ್ಲಿ ತೇಲಲು ಮಾಡಿದ್ದರಲ್ಲಿ ಅದು ಇರುವುದಿಲ್ಲ. ಒಂದು ಅಲೆ ನುಗ್ಗಿದರೆ ಸ್ನಾನದ ತೊಟ್ಟಿ. ತುಂಬಿದ ದೋಣಿಯನ್ನು ತಿರುಗಿಸಲು ದೇವರಿಗೂ ಆಗುವುದಿಲ್ಲ.

ಹೊಳೆಹುಚ್ಚ
ಈಗ ಗ್ಯಾರೇಜಿಗೆ ಹೋಗಿ ನೋಡಿಕೊಂಡು ಬಂದೆ. ತೂತು ಇಲ್ಲ. ಡಬ್ಬದ ಮೇಲೆ ಕೆರೆಯ ಚಿತ್ರವೇ ಇದೆ. ಒಂದು ಮಗು, ಒಂದು ನಾಯಿ ಕೂತಿದ್ದಾವೆ.

ಮಾವಿನಸೊನೆ
ಹಾಗಾದರೆ ಅದನ್ನು ಮಗುವಿಗೂ ನಾಯಿಗೂ ಬಿಡಿ. ಕೊಲೋಮಾ, ಲೋಟಸ್ ಕಡೆ ಹೊಳೆಗೆ ಸರಿಯಾದ ಡಕ್ಕಿ ಬಾಡಿಗೆಗೆ ಸಿಗುತ್ತದಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಹೆಲ್ಮೆಟ್, ಲೈಫ್ ಜಾಕೆಟ್ ಜೊತೆಗೇ ಕೇಳಿ. ಜಾಕೆಟ್ ಹಾಕಿ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದಾಗ ಅದು ಕಿವಿಯವರೆಗೆ ಬಂದರೆ ಸಡಿಲ ಅಂತ ಅರ್ಥ.

ಇನ್ನೊಂದು, ಬಿಸಿಲು ನೋಡಿ ಹತ್ತಿ ಟೀ ಶರ್ಟ್ ಹಾಕಿಕೊಂಡು ಬರಬೇಡಿ. ಆ ಬೆಟ್ಟದ ತಪ್ಪಲಲ್ಲಿ ಜುಲೈನಲ್ಲಿ 38 ಡಿಗ್ರಿ ಬಿಸಿಲಿರುತ್ತದೆ, ಆದರೆ ನೀರು ಸಿಯೆರಾ ಬೆಟ್ಟದ ಹಿಮ ಕರಗಿ, ಅಣೆಕಟ್ಟುಗಳಲ್ಲಿ ನಿಂತು ಬಂದದ್ದು. ಬಿದ್ದ ತಕ್ಷಣ ಎದೆ ಹಿಡಿದುಕೊಳ್ಳುತ್ತದೆ, ಉಸಿರು ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ಸಪೂರ ಇರುವವರು ವೆಟ್‌ಸೂಟ್ ಹಾಕಲಿ.

ತುಂಗಾತೀರ
ಬಿದ್ದಾಗ ಏನು ಮಾಡಬೇಕು ಅನ್ನುವುದನ್ನು ಹೊಸಬರಿಗೆ ಯಾರಾದರೂ ಹೇಳಿದ್ದೀರಾ? ಇದನ್ನು ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನು ನಾನು. ಆಮೇಲೆ ತುಂಗೆಯಲ್ಲಿ ಆಡಿದವನು. ಈಜು ನನಗೆ ಚೆನ್ನಾಗಿ ಬರುತ್ತದೆ ಅನ್ನುವ ಧಿಮಾಕು ಇತ್ತು. ಈ ಹೊಳೆಯಲ್ಲಿ ಮೊದಲ ಸಲ ಮಗುಚಿದಾಗ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಕಾಲು ಊರಿ ನಿಲ್ಲಲು ಹೋದೆ. ನೀರು ಸೊಂಟದವರೆಗೂ ಇರಲಿಲ್ಲ. ನಮ್ಮ ಕಡೆ ಹುಟ್ಟಿನಿಂದ ಬಂದ ಅಭ್ಯಾಸ ಅದು, ನೆಲ ಸಿಕ್ಕಿದರೆ ಬದುಕಿದೆ ಅಂತ. ಇಲ್ಲಿ ಅದೇ ಅಪಾಯ. ಪಾದ ಎರಡು ಕಲ್ಲಿನ ನಡುವೆ ಸಿಕ್ಕಿತೋ, ಹಿಂದಿನಿಂದ ಬರುವ ನೀರು ನಿಮ್ಮನ್ನು ಮುಂದಕ್ಕೆ ಬಗ್ಗಿಸಿ ಒಳಗೆ ಒತ್ತಿ ಹಿಡಿಯುತ್ತದೆ. ಸೊಂಟದ ನೀರಿನಲ್ಲೇ ಮನುಷ್ಯ ಮುಳುಗಬಹುದು. ನನ್ನ ಕಾಲು ಜಾರಿಕೊಂಡು ಬಂತು, ಚಪ್ಪಲಿ ಅಲ್ಲೇ ಉಳಿಯಿತು. ಚಪ್ಪಲಿ ಹೋಗಿದ್ದು ಪುಣ್ಯ.

ಹಾಗಾಗಿ ಬಿದ್ದರೆ ನಿಲ್ಲುವ ಮಾತಿಲ್ಲ. ಅಂಗಾತ ಮಲಗಿ, ಕಾಲು ಹರಿವಿನ ಮುಂದಕ್ಕೆ, ಪಾದದ ಬೆರಳು ನೀರಿನ ಮೇಲೆ ಕಾಣಬೇಕು. ಎದುರು ಬಂದ ಕಲ್ಲನ್ನು ಕಾಲಿಂದ ಒದ್ದು ದೂಡಿ. ನೀರು ಸ್ವಲ್ಪ ಸಡಿಲವಾದಾಗ ಮಗುಚಿ ದಂಡೆ ಕಡೆ ಜೋರಾಗಿ ಈಜಿ. ಮೊಣಕಾಲಿಗಿಂತ ಕಡಿಮೆ, ನಿಧಾನದ ನೀರು ಬಂದ ಮೇಲೆಯೇ ಏಳಿ. ಅಡ್ಡ ಬಿದ್ದ ಮರ ಕಂಡರೆ ಮಾತ್ರ ಈ ನಿಯಮ ಇಲ್ಲ. ಅದರಿಂದ ದೂರ ಈಜಿ, ಪ್ರಾಣ ಹೋಗುತ್ತದೆ ಅನ್ನುವ ಹಾಗೆ ಈಜಿ. ನೀರು ಕೊಂಬೆಗಳ ನಡುವೆ ಹೋಗುತ್ತದೆ, ನೀವು ಹೋಗುವುದಿಲ್ಲ. ಸೊಪ್ಪು ಸೋಸಿದ ಹಾಗೆ.

ಗಟ್ಟಿ ಕಯಾಕ್‌ನವರು ಸೊಂಟದ ಸುತ್ತ ದೋಣಿಯೊಳಗೆ ನೀರು ನುಗ್ಗದ ಹಾಗೆ ಮುಚ್ಚುವ ಸ್ಪ್ರೇ ಸ್ಕರ್ಟ್ ಹಾಕುತ್ತೀರಲ್ಲ, ಅದರ ಮುಂದಿನ ಎಳೆಯುವ ಕುಣಿಕೆ ಹೊರಗೆ ಕಾಣುತ್ತಿದೆಯಾ ಅಂತ ಇಳಿಯುವ ಮೊದಲು ಒಬ್ಬರು ಇನ್ನೊಬ್ಬರದು ನೋಡಿ. ಒಳಗೆ ಮಡಚಿ ಹೋಗಿದ್ದರೆ ತಲೆಕೆಳಗಾದಾಗ ಹುಡುಕುತ್ತಾ ಕೂರಬೇಕಾಗುತ್ತದೆ.

ಎಸೆಯುವ ಹಗ್ಗದ ಚೀಲ ಎಷ್ಟಿದೆ? ಎರಡಾದರೂ ಬೇಕು. ಹಿತ್ತಲಲ್ಲಿ ಎಸೆದು ಅಭ್ಯಾಸ ಮಾಡಿ. ಸೀಟಿ ಒಂದು ಸಲ ಅಂದರೆ "ಇಲ್ಲಿ ನೋಡಿ", ಮೂರು ಸಲ ಅಂದರೆ "ಆಪತ್ತು". ನೀರಿನ ಸದ್ದಿನಲ್ಲಿ ಕೂಗಿದ್ದು ಕೇಳುವುದೇ ಇಲ್ಲ.

ಹೊಳೆಹುಚ್ಚ
ತುಂಗಾತೀರ ಅಣ್ಣ, ಇದನ್ನು ಹೊಸಬರಿಬ್ಬರಿಗೂ ಕಳಿಸಿದೆ. ಒಬ್ಬ ಓದಿ "ಹಾಗಾದರೆ ನಾನು ಕಾರು ಓಡಿಸುತ್ತೇನೆ" ಅಂದ.

ತುಂಗಾತೀರ
ಅವನೇ ಜಾಣ. ಕಾರು ಓಡಿಸುವವನೂ ಬೇಕಲ್ಲ.

ಮಾವಿನಸೊನೆ
ಕಾರು ಅಂದಾಗ ನೆನಪಾಯಿತು. ಕೀಲಿ! ನಾವು ಒಂದು ಕಾರನ್ನು ಸಾಲ್ಮನ್ ಫಾಲ್ಸ್‌ನ ಸ್ಕಂಕ್ ಹಾಲೋದಲ್ಲಿ ಬಿಟ್ಟು, ಇನ್ನೊಂದರಲ್ಲಿ ಎಲ್ಲ ದೋಣಿ ಹೇರಿಕೊಂಡು ಮೇಲೆ ಹೋಗಿದ್ದೆವು. ಸಂಜೆ ಸುಸ್ತಾಗಿ ಹತ್ತಿ ಬಂದರೆ, ಕೆಳಗಿನ ಕಾರಿನ ಕೀಲಿ ಮೇಲಿನ ಕಾರಿನಲ್ಲಿದ್ದ ನನ್ನ ಪ್ಯಾಂಟಿನ ಜೇಬಿನಲ್ಲಿ. ಒದ್ದೆ ಬಟ್ಟೆಯಲ್ಲಿ ಅಪರಿಚಿತರ ಗಾಡಿ ಹತ್ತಿ ಹೋಗಿ ತಂದೆ. ನನ್ನ ಹೆಂಡತಿ ಅವತ್ತು ಏನೂ ಹೇಳಲಿಲ್ಲ. ಅದೇ ಜಾಸ್ತಿ ಕಷ್ಟವಾಗಿತ್ತು. ನೀರು ಹೋಗದ ಚೀಲದಲ್ಲಿ ಹಾಕಿ, ದೋಣಿಗೆ ಕಟ್ಟಿ. ಸ್ಕಂಕ್ ಹಾಲೋದಲ್ಲಿ ಪಾರ್ಕಿಂಗ್‌ಗೆ ದುಡ್ಡು ಕಟ್ಟಬೇಕು, ಚಿಲ್ಲರೆ ಇರಲಿ.

ಫ್ರೀಮಾಂಟ್ ಅಕ್ಕ
ಗ್ರೀನ್‌ವುಡ್‌ನಲ್ಲಿ ಕಾರು ನೀರಿನವರೆಗೆ ಹೋಗುವುದಿಲ್ಲ, ನೆನಪಿರಲಿ. ಹೈವೇ ಪಕ್ಕದ ಪಾರ್ಕಿಂಗ್‌ನಿಂದ ದೋಣಿ ಹೊತ್ತು ಇಳಿಯಬೇಕು. ಗಾಳಿ ತುಂಬುವುದನ್ನು ಕೆಳಗೆ ಇಟ್ಟುಕೊಂಡರೆ ಹೊರುವುದು ಸುಲಭ. ದಾರಿಯ ಅಂಚಿನ ಪೊದೆಗೆ ಕೈ ಹಾಕಬೇಡಿ. ಮೂರು ಮೂರು ಎಲೆಯ ಪಾಯ್ಸನ್ ಓಕ್ ಆ ಕಡೆಯೆಲ್ಲ ಇದೆ.

ಕಕ್ಕಬ್ಬೆ ಮಳೆ
ಅದು ನಮ್ಮ ಚೇರಿನ ಮರದ ನೆಂಟ ಅಲ್ವಾ? ಮಾವು, ಗೇರು, ಚೇರು ಎಲ್ಲ ಒಂದೇ ಕುಟುಂಬ, ಪಾಯ್ಸನ್ ಓಕ್ ಕೂಡ. ಮಾವಿನ ಸೊನೆ ತಾಗಿ ತುಟಿ ಊದಿಕೊಳ್ಳುವವರು ಅಲ್ಲಿ ಇನ್ನೂ ಹುಷಾರಾಗಿರಬೇಕು. ಎಣ್ಣೆ ಬಟ್ಟೆಗೆ, ಹಗ್ಗಕ್ಕೆ ಅಂಟಿದರೂ ಆಮೇಲೆ ತುರಿಕೆ ಬರುತ್ತದೆ. (ಮಾವಿನಸೊನೆ ಅವರೇ, ನಿಮ್ಮ ಬಗ್ಗೆ ಅಲ್ಲ.)

ಅಂಬಿಗ ಮಾಮ
ನನ್ನ ಸಲಹೆ ಹೀಗಿದೆ. ಶುರುವನ್ನು ಮೇಲಕ್ಕೆ ತಳ್ಳಿ. ಲೋಟಸ್‌ನ ಹೆನ್ನಿಂಗ್‌ಸನ್ ಪಾರ್ಕಿನಲ್ಲಿ ಇಳಿಸಿ. ಅಲ್ಲಿಂದ ಗ್ರೀನ್‌ವುಡ್‌ವರೆಗೆ ಸುಮಾರು ಐದು ಮೈಲಿ. ಬಂಡೆಯ ಹಿಂದೆ ನೀರು ತಿರುಗಿ ಮೇಲಕ್ಕೆ ಹರಿಯುತ್ತದಲ್ಲ, ಎಡ್ಡಿ ಅನ್ನುತ್ತಾರೆ, ಅದರೊಳಗೆ ನುಗ್ಗಿ ನಿಲ್ಲುವುದು, ಮತ್ತೆ ಹರಿವಿಗೆ ಬರುವುದು, ಇದನ್ನೇ ಮಾಡುತ್ತಾ ಬನ್ನಿ. ಹೊಳೆಯಲ್ಲಿ ಬ್ರೇಕ್ ಅಂದರೆ ಅದೊಂದೇ. ಬಾರ್ಕಿಂಗ್ ಡಾಗ್ ಅಲೆಯಲ್ಲಿ ಕಯಾಕ್‌ನವರು ಸಾಲಾಗಿ ನಿಂತು ಆಡುತ್ತಿರುತ್ತಾರೆ, ಅವರನ್ನು ಸ್ವಲ್ಪ ಹೊತ್ತು ನೋಡಿ.

ಗ್ರೀನ್‌ವುಡ್‌ಗೆ ಬಂದ ಮೇಲೆ ದಂಡೆಗೆ ಹತ್ತಿ, ಕೂತು ಮಾತಾಡಿ. ಮೇಲಿನ ಐದು ಮೈಲಿಯಲ್ಲಿ ಯಾರಾದರೂ ಎರಡು ಸಲ ಬಿದ್ದಿದ್ದರೆ, ಅಥವಾ ಒಬ್ಬರ ಮುಖ ಸಪ್ಪಗಿದ್ದರೂ ಸಾಕು, ಅಲ್ಲೇ ಮುಗಿಸಿ. ಮುಂದಿನದನ್ನು ಗೊತ್ತಿದ್ದವರ ಜೊತೆ ಇನ್ನೊಂದು ದಿನ ಮಾಡಿ. ಒಂದು ಕಾರನ್ನು ಗ್ರೀನ್‌ವುಡ್‌ನಲ್ಲೇ ಬಿಟ್ಟಿರಿ. ಅಲ್ಲಿ ಕಾರು ಇಲ್ಲದಿದ್ದರೆ "ಕಾರು ಕೆಳಗಿದೆಯಲ್ಲ, ಹೋಗಿಬಿಡೋಣ" ಅಂತ ಮನಸ್ಸು ತಾನೇ ತೀರ್ಮಾನ ಮಾಡುತ್ತದೆ. ಎಷ್ಟು ಜನ ಕಾರಿಗೋಸ್ಕರ ಗಾರ್ಜ್ ಇಳಿದಿದ್ದಾರೋ.

ಮತ್ತೆ, ಖಾಸಗಿಯಾಗಿ ಹೋಗುವವರೂ ಎಲ್ ಡೊರಾಡೊ ಕೌಂಟಿಯ ಟ್ಯಾಗ್, ಅಂದರೆ ಅನುಮತಿ ಚೀಟಿ, ತುಂಬಬೇಕು. ದುಡ್ಡಿಲ್ಲ. ಲೋಟಸ್‌ನಿಂದ ಗ್ರೀನ್‌ವುಡ್‌ವರೆಗೆ ದಂಡೆಯಲ್ಲಿ ಮನೆಗಳಿವೆ, ಅದು ಗದ್ದಲ ಮಾಡಬಾರದ ಭಾಗ. ಅಂತ್ಯಾಕ್ಷರಿ ಬೇಡ.

ಕಾಳಿದಂಡೆ
ಹಾಸ್ಪಿಟಲ್ ಬಾರ್, ಚಿಲಿ ಬಾರ್. ಇಷ್ಟೊಂದು ಬಾರ್ ಯಾಕೆ ಅಲ್ಲಿ?

ಅಂಬಿಗ ಮಾಮ
ಕುಡಿಯುವ ಬಾರ್ ಅಲ್ಲ ಮಾರಾಯ! ಹೊಳೆಯ ಜಲ್ಲಿ ದಿಣ್ಣೆಗೆ ಬಾರ್ ಅನ್ನುತ್ತಾರೆ. 1848ರ ಜನವರಿಯಲ್ಲಿ ಕೊಲೋಮಾದಲ್ಲಿ ಜೇಮ್ಸ್ ಮಾರ್ಷಲ್‌ಗೆ ಚಿನ್ನ ಸಿಕ್ಕಿತಲ್ಲ, ಇದೇ ಹೊಳೆ. ಮರುವರ್ಷ ನುಗ್ಗಿ ಬಂದವರ ನೆನಪಿಗೇ ಹೈವೇಗೆ 49 ಅಂತ ಹೆಸರು. ಅವರು ಜರಡಿ ಹಿಡಿದು ಕೂತದ್ದು ಇಂಥ ದಿಣ್ಣೆಗಳಲ್ಲಿ. ಈಗಲೂ ಬಾಣಲೆ ಹಿಡಿದು ಕೂತವರು ಸಿಗುತ್ತಾರೆ.

ಹೊಳೆಹುಚ್ಚ (ಭಾನುವಾರ ರಾತ್ರಿ)
ಹೋಗಿ ಬಂದೆವು. ಎಲ್ಲರೂ ಇದ್ದೇವೆ.

ಮಾಮ ಹೇಳಿದ ಹಾಗೆ ಲೋಟಸ್‌ನಲ್ಲಿ ಇಳಿಸಿದೆವು. ನಾವು ಹೋದಾಗ ದಂಡೆಯ ಕಲ್ಲೆಲ್ಲ ಒಣಗಿತ್ತು. ಕಾಫಿ ಕುಡಿಯುತ್ತಾ ಕೂತೆವು. ಒಂದು ಕಲ್ಲಿಗೆ ಗುರುತು ಇಟ್ಟುಕೊಂಡು ನೋಡುತ್ತಿದ್ದೆ. ಮೊದಲು ಏನೂ ಇಲ್ಲ. ಆಮೇಲೆ ಕಲ್ಲಿನ ಬುಡ ಒದ್ದೆಯಾಯಿತು. ಕಾಲು ಗಂಟೆಯಲ್ಲಿ ಕಲ್ಲೇ ಇಲ್ಲ. ಸದ್ದಿಲ್ಲದೆ ಬಂತು. ಅದನ್ನು ನೋಡಿದ್ದೇ ಅವತ್ತಿನ ದೊಡ್ಡ ಸಂಗತಿ ನನಗೆ.

ಬಾಡಿಗೆಗೆ ಒಂದು ಡಕ್ಕಿ ಸಿಕ್ಕಿತು. ಹೊಸ ಹುಡುಗ ಒಂದು ಸಲ ಬಿದ್ದ, ಅಂಗಾತ ಮಲಗಿ ಕಾಲು ಮೇಲೆ ಮಾಡಿಕೊಂಡು ಚೆನ್ನಾಗಿಯೇ ಬಂದ. ಎರಡು ಸಲ ಬಿದ್ದದ್ದು ನಾನು! ಬಾರ್ಕಿಂಗ್ ಡಾಗ್‌ನಲ್ಲಿ ಜಂಭ ತೋರಿಸಲು ಹೋಗಿ ಒಮ್ಮೆ, ಸುಮ್ನೆ ಮಾತಾಡುತ್ತಾ ಇದ್ದಾಗ ಒಮ್ಮೆ. ಗ್ರೀನ್‌ವುಡ್‌ನಲ್ಲಿ ಹತ್ತಿ ಕೂತಾಗ ಇನ್ನೂ ನಡುಗುತ್ತಿದ್ದೆ. ಬಾಯಲ್ಲಿ ಮಾತ್ರ "ಮುಂದೆ ಹೋಗೋಣ" ಅಂತಲೇ ಇತ್ತು. ಕಾರು ಅಲ್ಲೇ ಇತ್ತು, ಓಡಿಸುವವನು ಬೋನೆಟ್ ಮೇಲೆ ಕೂತು ಕಲ್ಲಂಗಡಿ ಕೊಯ್ಯುತ್ತಿದ್ದ. ಯಾರೂ ಏನೂ ಹೇಳಲಿಲ್ಲ. ನಾನೇ ಹೆಲ್ಮೆಟ್ ತೆಗೆದೆ.

ಫ್ರೀಮಾಂಟ್ ಅಕ್ಕ
ಸರಿಯಾಗಿ ಮಾಡಿದೆ. ಮುಂದಿನ ಶನಿವಾರ ನಾವು ಮೂವರು ಗಾರ್ಜ್‌ಗೆ ಹೋಗುತ್ತಿದ್ದೇವೆ, ಮಾಮನೂ ಬರುತ್ತಾರೆ. ಗಟ್ಟಿ ಕಯಾಕ್‌ನ ನೀವಿಬ್ಬರು ಬರುವುದಾದರೆ ನೀರಿನ ಸಮಯ ನೋಡಿ ಹೇಳುತ್ತೇನೆ. ಫೌಲರ್ಸ್ ಹತ್ತಿರ ನನ್ನ ಹಿಂದೆಯೇ ಇರಬೇಕು, ಮುಂದೆ ಬರುವ ಹಾಗಿಲ್ಲ.

ಹೊಳೆಹುಚ್ಚ
ಬರುತ್ತೇವೆ ಅಕ್ಕ. ನಿಮ್ಮ ಹಿಂದೆಯೇ.

ಮಾವಿನಸೊನೆ
ಕೀಲಿ ಯಾರ ಹತ್ತಿರ ಅಂತ ಈಗಲೇ ಇಲ್ಲೇ ಬರೆಯಿರಿ.

ಅಂಬಿಗ ಮಾಮ
ನನ್ನ ಹತ್ತಿರ. ಕೊರಳಿಗೆ ದಾರ ಕಟ್ಟಿ ಹಾಕಿಕೊಂಡಿರುತ್ತೇನೆ.